ದಪ್ಪ ಪೈಪ್‌ಲೈನ್ ಪ್ಲೇಟು ಚಳಿಯಲ್ಲಿ ಪೆಡಸಾಗಿ ಮುರಿದರೆ: ರೋಲಿಂಗ್‌ನಲ್ಲಿ ದೋಷ ಹುಡುಕುವ ಬಗೆ

ಚಾರ್ಪಿ ಪರೀಕ್ಷೆಯಲ್ಲಿ (ಚಿಕ್ಕ ತುಂಡನ್ನು ಲೋಲಕದಿಂದ ಹೊಡೆದು ಮುರಿಯುವುದು) 300 ಜೂಲ್ ಕೊಟ್ಟ ಪ್ಲೇಟು, ಅದೇ ತಾಪಮಾನದ ಡಿಡಬ್ಲ್ಯೂಟಿಟಿಯಲ್ಲಿ (ದೊಡ್ಡ ತುಂಡಿನ ಮೇಲೆ ಭಾರ ಬೀಳಿಸಿ ಮುರಿಯುವ ಪರೀಕ್ಷೆ) ಅರ್ಧಕ್ಕರ್ಧ ಹೊಳೆಯುವ, ಅಂದರೆ ಪೆಡಸಾದ, ಮುಖ ತೋರಿಸಿ ಮುರಿದುಬೀಳುತ್ತದೆ. 25 ಮಿ.ಮೀ.ಗಿಂತ ದಪ್ಪದ ಎಕ್ಸ್70, ಎಕ್ಸ್80 ಎಂಬ ಕೊಳವೆ ದರ್ಜೆಗಳ ಉಕ್ಕನ್ನು ರೋಲ್ ಮಾಡಿದವರಿಗೆ ಈ ದೃಶ್ಯ ಹೊಸದಲ್ಲ. ಆಗ ಸಭೆಯಲ್ಲಿ ಮೊದಲು ಕೇಳಿಬರುವ ಮಾತು, "ಇನ್ನಷ್ಟು ನಿಕಲ್ ಹಾಕೋಣ." ನನ್ನ ಅನುಭವದಲ್ಲಿ ಅದು ಕೊನೆಗೆ ಆಡಬೇಕಾದ ಮಾತು. ದಪ್ಪ ಪ್ಲೇಟಿನ ಚಳಿದೋಷ ಹೆಚ್ಚಾಗಿ ಅಡಗಿರುವುದು ಅದರ ನಡುಮಧ್ಯದಲ್ಲಿ. ರೋಲುಗಳ ಒತ್ತಡ ಅಲ್ಲಿಗೆ ಸರಿಯಾಗಿ ಮುಟ್ಟಿರುವುದಿಲ್ಲ. ರಸಾಯನ ಬದಲಿಸುವ ಮೊದಲು ಮುರಿದ ತುಂಡನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಬೇಕು.

ಟಫ್‌ನೆಸ್ ಎಂಬುದನ್ನು ಇಲ್ಲಿ ಜಿಗುಟುತನ ಎಂದು ಕರೆಯುತ್ತೇನೆ. ಹಸಿ ಬಿದಿರನ್ನು ಮುರಿಯಹೋದರೆ ನಾರುನಾರಾಗಿ ಹರಿಯುತ್ತದೆ, ಒಣ ಕಡ್ಡಿಯಾದರೆ ಪಟಕ್ಕನೆ ಎರಡಾಗುತ್ತದೆ. ಉಕ್ಕು ಚಳಿ ಏರಿದಂತೆ ಮೊದಲಿನದರಿಂದ ಎರಡನೆಯದಕ್ಕೆ ಜಾರುತ್ತದೆ. ಆ ಜಾರುವ ತಾಪಮಾನವನ್ನು ಸಾಧ್ಯವಾದಷ್ಟು ಕೆಳಕ್ಕೆ ತಳ್ಳುವುದೇ ನಮ್ಮ ಕೆಲಸ. 1960ರಲ್ಲಿ ಅಮೆರಿಕದ ಟ್ರಾನ್ಸ್‌ವೆಸ್ಟರ್ನ್ ಅನಿಲ ಕೊಳವೆ ಪರೀಕ್ಷೆಯ ಹೊತ್ತಿನಲ್ಲಿ ಬಿರಿದಾಗ, ಬಿರುಕು ಸುಮಾರು 13 ಕಿಲೋಮೀಟರ್ ಓಡಿತು. ಚಿಕ್ಕ ಚಾರ್ಪಿ ತುಂಡು ಇಂಥ ಓಟವನ್ನು ಮುಂಚೆಯೇ ಹೇಳಲಾರದು ಎಂಬ ಅರಿವಿನಿಂದಲೇ ಪ್ಲೇಟಿನ ಪೂರ್ಣ ದಪ್ಪವನ್ನು ಮುರಿದು ನೋಡುವ ಡಿಡಬ್ಲ್ಯೂಟಿಟಿ ಬಳಕೆಗೆ ಬಂತು. ಮುರಿದ ಮುಖದಲ್ಲಿ ಸರಾಸರಿ 85 ಶೇಕಡಾ ಜಿಗುಟು ಮುರಿತ ಇರಬೇಕೆಂಬುದು ಸಾಮಾನ್ಯ ಬೇಡಿಕೆ.

ಬೆಂಗಳೂರಿನ ಕಡೆ ಹಿಮ ಬೀಳುವುದಿಲ್ಲ, ನಮಗೇಕೆ ಈ ತಲೆನೋವು ಎಂದು ಕೇಳುವವರಿದ್ದಾರೆ. ದಾಭೋಲ್‌ನಿಂದ ಬೆಂಗಳೂರಿಗೆ ಬರುವಂಥ ಅನಿಲ ಮಾರ್ಗದಲ್ಲೂ ಒತ್ತಡ ಇಳಿಸುವ ಕವಾಟದ ಬಳಿ, ಒಂದು ಬಾರ್ ಇಳಿತಕ್ಕೆ ಸುಮಾರು ಅರ್ಧ ಡಿಗ್ರಿಯಂತೆ ಅನಿಲ ತಣ್ಣಗಾಗುತ್ತದೆ. 50 ಬಾರ್ ಇಳಿದರೆ 25 ಡಿಗ್ರಿ. ಚಳಿ ಕೊಳವೆಯ ಒಳಗಿನಿಂದಲೂ ಬರುತ್ತದೆ. ಸಮಸ್ಯೆಯ ನಿಜವಾದ ಕಠಿಣ ನೆಲ ಮಾತ್ರ ಬೇರೆ: 1420 ಮಿ.ಮೀ. ವ್ಯಾಸ, 27.7 ಮಿ.ಮೀ. ಗೋಡೆಯ ರಷ್ಯಾದ ಬೊವಾನೆಂಕೊವೊ–ಉಖ್ತಾ ಮಾರ್ಗ, ಬಾಲ್ಟಿಕ್ ಸಮುದ್ರದಡಿಯ ನಾರ್ಡ್ ಸ್ಟ್ರೀಮ್‌ನ 41 ಮಿ.ಮೀ.ವರೆಗಿನ ಗೋಡೆಗಳು, ಚೀನಾ–ರಷ್ಯಾ ಪೂರ್ವ ಮಾರ್ಗದ 30.8 ಮಿ.ಮೀ. ಎಕ್ಸ್80. ಈ ದಪ್ಪಗಳಲ್ಲಿ ತೆಳು ಪ್ಲೇಟಿನ ಪಾಠಗಳು ನೇರವಾಗಿ ನಡೆಯುವುದಿಲ್ಲ.

ಒಂದೇ ಪ್ಲೇಟಿನ ಎರಡು ಮಾದರಿಗಳು ಎರಡು ಕಥೆ ಹೇಳುತ್ತಿವೆ

ಒಂದು ತುಂಡಿನಲ್ಲಿ ಜಿಗುಟು ಮುರಿತ 95 ಶೇಕಡಾ, ಪಕ್ಕದಲ್ಲೇ ಕತ್ತರಿಸಿದ ಇನ್ನೊಂದರಲ್ಲಿ 50 ಶೇಕಡಾ ಎಂದಾಗ ಮಿಲ್ ಕಡೆಗೆ ಓಡಬೇಡಿ. ಮೊದಲು ಪ್ರಯೋಗಾಲಯ. ಇದು ಅತಿ ಅಗ್ಗದ ತಪಾಸಣೆ, ಅರ್ಧ ದಿನದ ಕೆಲಸ.

ತಣಿಸುವ ತೊಟ್ಟಿಯ ಉಷ್ಣಮಾಪಕವನ್ನು ಇನ್ನೊಂದು ಖಚಿತವಾದ ಮಾಪಕದೊಂದಿಗೆ ಹೋಲಿಸಿ. ಜಾರುವ ವಲಯದಲ್ಲಿರುವ ಉಕ್ಕಿಗೆ 3–4 ಡಿಗ್ರಿ ವ್ಯತ್ಯಾಸವೇ ಸಾಕು, ಉತ್ತೀರ್ಣವಾಗುವುದು ಅನುತ್ತೀರ್ಣವಾಗಲು. ದಪ್ಪ ಮಾದರಿಯ ಒಡಲು ತಣ್ಣಗಾಗಲು ತೆಳುವಿಗಿಂತ ಹೆಚ್ಚು ಹೊತ್ತು ಬೇಕು. ತೊಟ್ಟಿಯಿಂದ ತೆಗೆದು 10 ಸೆಕೆಂಡಿನೊಳಗೆ ಹೊಡೆತ ಬೀಳಬೇಕು. ನಿಲ್ಲಿಸುಗಡಿಯಾರ ಹಿಡಿದು ಒಂದು ಪಾಳಿ ಪೂರ್ತಿ ನೋಡಿ, 14–15 ಸೆಕೆಂಡು ಆಗುತ್ತಿರುವುದು ಕಂಡುಬರಬಹುದು. ಮಾದರಿ 305 ಮಿ.ಮೀ. ಉದ್ದ, 76 ಮಿ.ಮೀ. ಅಗಲ, ಅದರ ಅಂಚಿಗೆ 5 ಮಿ.ಮೀ. ಆಳದ ಕಚ್ಚನ್ನು ಒತ್ತಿ ಮಾಡಬೇಕು. ಒತ್ತುವ ಉಳಿಯ ತುದಿ ಸವೆದಿದ್ದರೆ ಬಿರುಕು ಹುಟ್ಟುವ ಬಗೆಯೇ ಬದಲಾಗುತ್ತದೆ.

ಇನ್ನೊಂದು ಮರೆವು ತುಂಬಾ ಸಾಮಾನ್ಯ. 19 ಮಿ.ಮೀ.ಗಿಂತ ದಪ್ಪದ ಪ್ಲೇಟಿನ ಮಾದರಿಯನ್ನು 19ಕ್ಕೆ ತೆಳುಮಾಡಿ ಪರೀಕ್ಷಿಸಲು ನಿಯಮಾವಳಿ ಅವಕಾಶ ಕೊಡುತ್ತದೆ, ಆದರೆ ಆಗ ಪರೀಕ್ಷೆಯ ತಾಪಮಾನವನ್ನು ಕೋಷ್ಟಕದಂತೆ ಇನ್ನೂ ಕೆಳಗಿಳಿಸಬೇಕು. ಒಂದು ಪಾಳಿ ಪೂರ್ಣ ದಪ್ಪದಲ್ಲಿ, ಮತ್ತೊಂದು ಪಾಳಿ ತೆಳುಮಾಡಿ ಮುರಿದು, ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಅದರಿಂದ ಏನನ್ನೂ ತೀರ್ಮಾನಿಸಲಾಗದು.

ಎಚ್ಚರಿಕೆ: ತಣಿಸಲು ದ್ರವ ಸಾರಜನಕ ಬಳಸುವುದಾದರೆ ಕೊಠಡಿಗೆ ಗಾಳಿ ಆಡಲೇಬೇಕು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗಿ ಉಸಿರಾಡುವ ಆಮ್ಲಜನಕವನ್ನು ಸದ್ದಿಲ್ಲದೆ ಹೊರತಳ್ಳುತ್ತದೆ. ಒಬ್ಬರೇ ಕೆಲಸ ಮಾಡಬೇಡಿ. ತೊಟ್ಟಿಯಲ್ಲಿ ಆಲ್ಕೋಹಾಲ್ ಇದ್ದರೆ ಕಿಡಿ ಹತ್ತಿರ ಬರಬಾರದು. ಭಾರ ಬೀಳುವ ಯಂತ್ರದ ಬೇಲಿ ಮುಚ್ಚದೆ ಕೊಂಡಿ ಬಿಡಬೇಡಿ, ಮುರಿದ ಅರ್ಧಗಳು ಗುಂಡಿನಂತೆ ಸಿಡಿಯುತ್ತವೆ.

ಮುರಿದ ಮುಖದಲ್ಲಿ ಹೊಳಪು ಎಲ್ಲಿದೆ?

ಪರೀಕ್ಷೆ ಸರಿ ಎಂದು ಖಚಿತವಾದ ಮೇಲೆ ಮುಖ ಓದಬೇಕು. ಮಂಕಾದ ಬೂದು, ನಾರಿನಂಥ ಪ್ರದೇಶ ಜಿಗುಟು ಮುರಿತ. ಸಕ್ಕರೆ ಹರಳಿನಂತೆ ಮಿನುಗುವುದು ಪೆಡಸು ಮುರಿತ. ಎಷ್ಟು ಹೊಳಪಿದೆ ಎಂಬ ಶೇಕಡಾವಾರು ಮಾತ್ರ ವರದಿಗೆ ಹೋಗುತ್ತದೆ, ಎಲ್ಲಿದೆ ಎಂಬುದು ಹೋಗುವುದಿಲ್ಲ. ರೋಗ ಗೊತ್ತಾಗುವುದು ಈ ಎರಡನೆಯದರಿಂದ. ಆದ್ದರಿಂದ ಪ್ರತಿ ಅನುತ್ತೀರ್ಣ ಮುಖದ ಚಿತ್ರ ತೆಗೆದಿಡಿ.

ದಪ್ಪದ ನಡುವೆ ಪಟ್ಟಿಯಂತೆ ಹೊಳಪು ಓಡಿದ್ದರೆ ರೋಲಿಂಗ್ ಒತ್ತಡ ನಡುವಿಗೆ ತಲುಪಿಲ್ಲ, ಅಥವಾ ಸ್ಲ್ಯಾಬಿನ (ರೋಲ್ ಮಾಡುವ ಮೊದಲಿನ ಎರಕದ ದಪ್ಪ ಗಟ್ಟಿ) ನಡುರೇಖೆ ಕೊಳಕಾಗಿದೆ. ಮುಖವೆಲ್ಲ ಚದುರಿದ ಹೊಳಪಾದರೆ ಉಕ್ಕಿನೊಳಗಿನ ಸೂಕ್ಷ್ಮ ಹರಳುಗಳು ದಪ್ಪಗಿವೆ ಅಥವಾ ಸಣ್ಣ-ದೊಡ್ಡ ಬೆರೆತಿವೆ. ಮುಖದಲ್ಲಿ ಪ್ಲೇಟಿಗೆ ಸಮಾಂತರವಾದ ಸೀಳುಗಳು ಬಾಯಿ ತೆರೆದಿದ್ದರೆ ಕೊನೆಯ ಪಾಸುಗಳು (ರೋಲುಗಳ ನಡುವೆ ಒಂದೊಂದು ಸಲದ ಹಾಯಿಕೆ) ತೀರ ತಣ್ಣಗೆ ನಡೆದಿವೆ.

ನಾಲ್ಕನೆಯ ಬಗೆ ಜನರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಕಚ್ಚಿನ ಕೆಳಗೆ ಒಳ್ಳೆಯ ಜಿಗುಟು ಮುರಿತ, ಆದರೆ ಸುತ್ತಿಗೆ ಬಡಿದ ಅಂಚಿನ ಕಡೆಗೆ ಬಂದಾಗ ಹಠಾತ್ ಹೊಳಪು. ಇದು ತಿರುಗುಮುರುಗಾದ ಮುರಿತ. ಉಕ್ಕು ಬಹಳ ಜಿಗುಟಾಗಿದ್ದಾಗ ಬಿರುಕು ಹೊರಡುವ ಮೊದಲು ಸುತ್ತಿಗೆಯ ಏಟಿಗೆ ಆ ಅಂಚು ಚಪ್ಪಟೆಯಾಗಿ ಗಡುಸಾಗುತ್ತದೆ. ಗಡುಸಾದ ಜಾಗಕ್ಕೆ ಬಿರುಕು ಬಂದಾಗ ಪೆಡಸಾಗಿ ಮುರಿಯುತ್ತದೆ. ಒಳ್ಳೆಯ ಉಕ್ಕಿನಲ್ಲಿ ಇದು ಹೆಚ್ಚು ಕಾಣುವುದುಂಟು. ಈ ಲಕ್ಷಣ ಕಂಡರೆ ರೋಲಿಂಗ್ ವೇಳಾಪಟ್ಟಿ (ಯಾವ ಪಾಸಿನಲ್ಲಿ ಎಷ್ಟು ದಪ್ಪ ಇಳಿಸಬೇಕೆಂಬ ಪಟ್ಟಿ) ಮುಟ್ಟಬೇಡಿ. ಬಿರುಕು ಬೇಗ ಹುಟ್ಟುವ ಶೆವ್ರಾನ್ (ಬಾಣದ ತುದಿಯಂಥ) ಕಚ್ಚಿನ ಮಾದರಿಯಿಂದ ಮತ್ತೆ ಪರೀಕ್ಷಿಸಿ, ಮುಖವನ್ನು ಹೇಗೆ ಎಣಿಸಬೇಕೆಂದು ಗ್ರಾಹಕರೊಂದಿಗೆ ಬರಹದಲ್ಲಿ ಒಪ್ಪಿಕೊಳ್ಳಿ.

ನಡುಪಟ್ಟಿಯಲ್ಲೇ ಹೊಳಪು, ಮೇಲ್ಮೈ ಬಳಿ ಎಲ್ಲ ಚೆನ್ನ

ದಪ್ಪ ಪ್ಲೇಟಿನ ನಿಜವಾದ ಕಾಯಿಲೆ ಇದೇ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

250 ಮಿ.ಮೀ. ಸ್ಲ್ಯಾಬಿನಿಂದ 15 ಮಿ.ಮೀ. ಪ್ಲೇಟು ಮಾಡಿದರೆ ದಪ್ಪ ಸುಮಾರು 17 ಪಟ್ಟು ಇಳಿಯುತ್ತದೆ. ಅದೇ ಸ್ಲ್ಯಾಬಿನಿಂದ 30 ಮಿ.ಮೀ. ಮಾಡಿದರೆ 8 ಪಟ್ಟು ಮಾತ್ರ. ಹಿಟ್ಟನ್ನು ನಾದಿದಷ್ಟೂ ಹದವಾಗುತ್ತದೆ. ದಪ್ಪ ಪ್ಲೇಟಿಗೆ ಸಿಗುವ ನಾದುವಿಕೆಯೇ ಅರ್ಧ. ಸಿಕ್ಕ ಅರ್ಧವೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಪ್ರತಿ ಪಾಸಿನಲ್ಲಿ ಚೂರುಚೂರೇ ಇಳಿಸಿದರೆ ರೋಲಿನ ಒತ್ತಡ ಮೇಲ್ಮೈಯಲ್ಲೇ ಮುಗಿದುಹೋಗುತ್ತದೆ.

ಇದನ್ನು ಕಾಗದದ ಮೇಲೆ ಅಳೆಯಬಹುದು. ರೋಲಿನ ತ್ರಿಜ್ಯವನ್ನು ಆ ಪಾಸಿನ ಇಳಿತದಿಂದ ಗುಣಿಸಿ, ವರ್ಗಮೂಲ ತೆಗೆದು, ಪಾಸಿನ ಸರಾಸರಿ ದಪ್ಪದಿಂದ ಭಾಗಿಸಿ. ರೋಲಿನ ವ್ಯಾಸ 1100 ಮಿ.ಮೀ. ಎಂದುಕೊಳ್ಳೋಣ. 180 ಮಿ.ಮೀ. ದಪ್ಪದಲ್ಲಿ 12 ಮಿ.ಮೀ. ಇಳಿಸಿದರೆ ಈ ಸಂಖ್ಯೆ ಸುಮಾರು 0.47. ಅದೇ ದಪ್ಪದಲ್ಲಿ 27 ಮಿ.ಮೀ. ಇಳಿಸಿದರೆ 0.73. ಸಂಖ್ಯೆ 0.5ರ ಆಸುಪಾಸಿಗಿಂತ ಕೆಳಗಿದ್ದಾಗ ನಡುಭಾಗ ಒತ್ತಿಸಿಕೊಳ್ಳುವ ಬದಲು ಎಳೆತಕ್ಕೆ ಒಳಗಾಗುತ್ತದೆ. ಅಲ್ಲಿನ ದೊಡ್ಡ ಹರಳುಗಳು ಒಡೆದು ಹೊಸದಾಗಿ ಹುಟ್ಟುವುದಿಲ್ಲ. ನಿಮ್ಮ ವೇಳಾಪಟ್ಟಿಯ ಪ್ರತಿ ಪಾಸಿಗೂ ಈ ಲೆಕ್ಕ ಹಾಕಿ. ಖರ್ಚಿಲ್ಲದ ತಪಾಸಣೆ ಇದು.

ನಾನು ಕಂಡ ಒಂದು ಮಿಲ್ಲಿನಲ್ಲಿ 32 ಮಿ.ಮೀ. ಪ್ಲೇಟುಗಳು ಸಾಲಾಗಿ ಅನುತ್ತೀರ್ಣವಾಗುತ್ತಿದ್ದವು. ವೇಳಾಪಟ್ಟಿ ತೆಗೆದು ನೋಡಿದರೆ ರೋಲಿಂಗ್‌ನ ಮೊದಲ ಹಂತವಾದ ರಫಿಂಗ್‌ನಲ್ಲಿ ಎಲ್ಲ ಪಾಸುಗಳೂ 8–9 ಶೇಕಡಾ ಇಳಿತದವು. ಯಂತ್ರದ ಮೇಲೆ ಭಾರ ಬೀಳಬಾರದೆಂದು ಯಾರೋ ವರ್ಷಗಳ ಹಿಂದೆ ಸಮನಾಗಿ ಹಂಚಿದ್ದರು. ಕೊನೆಯ ಎರಡು ರಫಿಂಗ್ ಪಾಸುಗಳನ್ನು 15 ಶೇಕಡಾ ದಾಟಿಸಿ, ಮೊದಲಿನವನ್ನು ಕಡಿಮೆ ಮಾಡಿ, ಪಾಸಿನ ವೇಗ ತಗ್ಗಿಸಿದ ಮೇಲೆ ನಡುಪಟ್ಟಿಯ ಹೊಳಪು ಕಿರಿದಾಯಿತು. ರಸಾಯನದಲ್ಲಿ ಒಂದು ಗ್ರಾಂ ಬದಲಾಗಿರಲಿಲ್ಲ. ಆ ದಿನ ತುಂಡು ಹಿಡಿದು ನಿಂತಿದ್ದ ಪಾಳಿ ಮುಖ್ಯಸ್ಥರ ಸಂತೋಷ ನನಗಿನ್ನೂ ನೆನಪಿದೆ.

ಎರಡನೆಯ ಹೆಜ್ಜೆ ಕಾಯುವ ದಪ್ಪ. ರಫಿಂಗ್ ಮುಗಿದ ಮೇಲೆ ಪ್ಲೇಟು ತಣಿಯಲು ನಿಲ್ಲುತ್ತದೆ. ಆ ಹೊತ್ತಿನ ದಪ್ಪ ಅಂತಿಮ ದಪ್ಪದ ಮೂರು ಪಟ್ಟಿಗಿಂತ ಕಡಿಮೆಯಿದ್ದರೆ ರೋಲಿಂಗ್‌ನ ಕೊನೆಯ ಹಂತವಾದ ಫಿನಿಶಿಂಗ್‌ಗೆ ಕೆಲಸ ಉಳಿಯುವುದಿಲ್ಲ. 30 ಮಿ.ಮೀ. ಪ್ಲೇಟಿಗೆ 75ರಲ್ಲಿ ಕಾದರೆ ಫಿನಿಶಿಂಗ್ ಇಳಿತ 60 ಶೇಕಡಾ, 100ರಲ್ಲಿ ಕಾದರೆ 70. ಫಿನಿಶಿಂಗ್‌ನಲ್ಲಿ ಹರಳುಗಳು ಮತ್ತೆ ಹುಟ್ಟುವುದಿಲ್ಲ, ದೋಸೆಯಂತೆ ಚಪ್ಪಟೆಯಾಗುತ್ತವೆ. ಆ ಚಪ್ಪಟೆ ಹರಳಿನ ಅಂಚುಗಳಲ್ಲೇ ಮುಂದೆ ಸಣ್ಣ ಫೆರೈಟ್, ಬೈನೈಟ್ (ತಣಿದ ಉಕ್ಕಿನ ಒಳರೂಪಗಳು) ಹುಟ್ಟಬೇಕು. ಆದರೆ 100ರಲ್ಲಿ ಕಾಯಲು ಹೊರಟರೆ 250ರ ಸ್ಲ್ಯಾಬಿನಿಂದ ರಫಿಂಗ್‌ಗೆ ಉಳಿಯುವುದು 60 ಶೇಕಡಾ. ಎರಡರ ನಡುವೆ ಎಳೆದಾಟ ಇದ್ದೇ ಇದೆ. ಸಾಧ್ಯವಿದ್ದಲ್ಲಿ 300 ಮಿ.ಮೀ. ಸ್ಲ್ಯಾಬು ತೆಗೆದುಕೊಳ್ಳುವುದು ಇದಕ್ಕೆ ನೇರ ಪರಿಹಾರ.

ಮೂರನೆಯದು ಹೆಚ್ಚು ಕಷ್ಟದ್ದು: ಪಾಸುಗಳ ನಡುವೆ ನೀರು ಹಾಯಿಸಿ ಮೇಲ್ಮೈಯನ್ನು ಮಾತ್ರ ತಣಿಸುವುದು. ತಣಿದ ಮೇಲ್ಮೈ ಗಡುಸಾಗಿ ಬಗ್ಗದೆ ನಿಲ್ಲುತ್ತದೆ, ರೋಲಿನ ಒತ್ತಡ ಬಿಸಿಯಾಗಿ ಮೃದುವಾಗಿರುವ ನಡುವಿಗೆ ಇಳಿಯುತ್ತದೆ. ದಪ್ಪ ಪ್ಲೇಟಿಗೆ ಇದು ಒಳ್ಳೆಯ ಮದ್ದು ಎಂದು ನಾನು ನಂಬುತ್ತೇನೆ. ಆದರೆ ರೋಲಿಂಗ್ ಬಲ ಏರುತ್ತದೆ, ಪ್ಲೇಟಿನ ತಲೆ ಮೇಲಕ್ಕೋ ಕೆಳಕ್ಕೋ ಬಾಗಬಹುದು.

ಇಲ್ಲಿ ನಿಲ್ಲಬೇಕಾದ ಗೆರೆ: ಇಳಿತ ಹೆಚ್ಚಿಸುವ ಪ್ರತಿ ಬದಲಾವಣೆಗೆ ಮೊದಲು ಯಾಂತ್ರಿಕ ವಿಭಾಗದಿಂದ ಬಲ ಮತ್ತು ತಿರುಚುಬಲದ ಮಿತಿ ಬರಹದಲ್ಲಿ ಪಡೆಯಿರಿ. ಮಿತಿಮೀರಿದ ಭಾರಕ್ಕೆ ಯಂತ್ರ ನಿಲ್ಲಿಸುವ ರಕ್ಷಣೆಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಮುರಿದ, ರೋಲು ತಿರುಗಿಸುವ ಸ್ಪಿಂಡಲ್‌ನ ತುಂಡು ಯಾರನ್ನೂ ಗುರುತಿಸಿ ಬಿಡುವುದಿಲ್ಲ.

ಮುಖವೆಲ್ಲ ಚದುರಿದ ಹೊಳಪು

ಒಂದು ಸಣ್ಣ ತುಂಡನ್ನು ಉಜ್ಜಿ, ನೈಟಲ್‌ನಲ್ಲಿ ಅದ್ದಿ ಸೂಕ್ಷ್ಮದರ್ಶಕದಡಿ ನೋಡಿ. ದೊಡ್ಡ ಹರಳುಗಳ ಗುಂಪು ಸಣ್ಣವುಗಳ ನಡುವೆ ಕಂಡರೆ ಎರಡು ಕಡೆ ಹುಡುಕಬೇಕು. (ನೈಟಲ್ ಎಂದರೆ ಆಲ್ಕೋಹಾಲ್‌ನಲ್ಲಿ ನೈಟ್ರಿಕ್ ಆಮ್ಲ, ಬೇಕಾದಷ್ಟನ್ನೇ ಆಗಾಗ ಮಾಡಿಕೊಳ್ಳಿ, ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿ ಕೂಡಿಡಬೇಡಿ, ಒತ್ತಡ ಏರಿ ಸಿಡಿಯಬಹುದು.)

ಮೊದಲನೆಯದು ಕುಲುಮೆ. ಹರಳು ಸಣ್ಣದಾಗಿಸಲು ಚೂರು ಬೆರೆಸುವ ಲೋಹವಾದ ನಿಯೋಬಿಯಮ್ ಕರಗಬೇಕು, ಹರಳು ಬೆಳೆಯಬಾರದು: ಈ ಎರಡರ ನಡುವಿನ ಕಿಂಡಿ ಕಿರಿದು. ಇಂಗಾಲ 0.05 ಶೇಕಡಾ, ನಿಯೋಬಿಯಮ್ 0.05 ಶೇಕಡಾ ಇರುವ ಉಕ್ಕಿನಲ್ಲಿ ಲೆಕ್ಕದ ಪ್ರಕಾರ ಸುಮಾರು 1130 ಡಿಗ್ರಿಗೆ ನಿಯೋಬಿಯಮ್ ಪೂರ್ತಿ ಕರಗುತ್ತದೆ, ಇಂಗಾಲ 0.08 ಆದರೆ 1190ರ ಹತ್ತಿರ ಬೇಕು. ಕಡಿಮೆ ಇಂಗಾಲದ ಉಕ್ಕನ್ನು ಅಭ್ಯಾಸಬಲದಿಂದ 1220ಕ್ಕೆ ಕಾಯಿಸಿದರೆ ಲಾಭವೇನೂ ಇಲ್ಲ, ಹರಳು ಮಾತ್ರ ಉಬ್ಬುತ್ತದೆ. ಮಿಲ್ಲು ನಿಂತು ಸ್ಲ್ಯಾಬು ಕುಲುಮೆಯಲ್ಲಿ ಗಂಟೆಗಟ್ಟಲೆ ಹೆಚ್ಚಿಗೆ ಕುಳಿತ ದಿನಗಳನ್ನೂ ಅನುತ್ತೀರ್ಣ ಪ್ಲೇಟುಗಳ ದಿನಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಟೈಟಾನಿಯಮ್ ಸಾರಜನಕದ 3.4 ಪಟ್ಟನ್ನು ಮೀರಿದ್ದರೆ ಅದು ದೊಡ್ಡ ಚೌಕ ಕಣಗಳಾಗಿ ಕೂತು ತಾನೇ ಬಿರುಕಿಗೆ ಬೀಜವಾಗುತ್ತದೆ.

ಎರಡನೆಯದು ನಡುಗಾಲದ ಪಾಸುಗಳು. ಹರಳುಗಳು ಪೂರ್ತಿ ಹೊಸದಾಗಿ ಹುಟ್ಟುವ ತಾಪಮಾನ ಮೇಲೆ, ಹುಟ್ಟುವುದೇ ನಿಲ್ಲುವ ತಾಪಮಾನ ಕೆಳಗೆ. ನಡುವಿನ ವಲಯದಲ್ಲಿ ರೋಲ್ ಮಾಡಿದರೆ ಕೆಲವು ಹುಟ್ಟಿ, ಕೆಲವು ಹಾಗೇ ಉಳಿದು ಬೆರಕೆಯಾಗುತ್ತದೆ. ಈ ವಲಯದಲ್ಲಿ ಪಾಸು ಬೇಡ. ದಪ್ಪ ಪ್ಲೇಟಿನಲ್ಲಿ ಪೈರೋಮೀಟರ್ (ದೂರದಿಂದ ತಾಪ ಅಳೆಯುವ ಮಾಪಕ) ತೋರಿಸುವುದು ಮೇಲ್ಮೈಯನ್ನು ಮಾತ್ರ ಎಂಬುದನ್ನು ಮರೆಯಬೇಡಿ. 100 ಮಿ.ಮೀ. ದಪ್ಪದಲ್ಲಿ ನಡುಭಾಗ ಮೇಲ್ಮೈಗಿಂತ ಹತ್ತಾರು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಪರದೆಯಲ್ಲಿ ಸರಿ ಕಂಡರೂ ನಡುಭಾಗ ಇನ್ನೂ ಬೆರಕೆ ವಲಯದಲ್ಲೇ ಇರಬಹುದು. ಇಂಥಲ್ಲಿ ಇನ್ನಷ್ಟು ಕಾಯುವುದೇ ಮದ್ದು.

ಮುಖದಲ್ಲಿ ಪದರ ಸೀಳು

ಜಿಗುಟು ಪಾಲು ಉತ್ತೀರ್ಣ, ಆದರೆ ಚಾರ್ಪಿ ಜೂಲ್ ಇಳಿದಿದೆ, ಮುಖ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿದೆ. ಆಸ್ಟೆನೈಟ್ (ಬಿಸಿ ಉಕ್ಕಿನ ಒಳರೂಪ) ಫೆರೈಟಾಗಿ ಬದಲಾಗತೊಡಗಿದ ಮೇಲೂ ರೋಲಿಂಗ್ ಮುಂದುವರಿದಿದೆ ಎಂದರ್ಥ. ಇಂಗಾಲ 0.05, ಮ್ಯಾಂಗನೀಸ್ 1.7 ಶೇಕಡಾ, ಜೊತೆಗೆ ಸ್ವಲ್ಪ ನಿಕಲ್, ಮಾಲಿಬ್ಡಿನಮ್ ಇರುವ 30 ಮಿ.ಮೀ. ಪ್ಲೇಟಿನಲ್ಲಿ ಆ ಬದಲಾವಣೆ ಸುಮಾರು 740 ಡಿಗ್ರಿಗೆ ಶುರುವಾಗುತ್ತದೆ. ಕೊನೆಯ ಪಾಸನ್ನು ಅದಕ್ಕಿಂತ ಸಾಕಷ್ಟು ಮೇಲೆಯೇ ಮುಗಿಸಿ. ಅಂಚುಗಳು ಮತ್ತು ಬಾಲ (ಪ್ಲೇಟಿನ ಹಿಂತುದಿ) ಬೇಗ ತಣಿಯುವುದರಿಂದ ಅಲ್ಲಿನ ಅಳತೆ ನೋಡಿ, ಸರಾಸರಿ ನೋಡಬೇಡಿ.

ತಲೆ ಉತ್ತೀರ್ಣ, ಬಾಲ ಅನುತ್ತೀರ್ಣ

ಹೆಚ್ಚಾಗಿ, ರೋಲಿಂಗ್ ಮುಗಿದ ಪ್ಲೇಟನ್ನು ತಣಿಸುವ ನೀರಿನ ದೋಷ. ಬಾಲವು ತಣಿಸುವ ಘಟಕವನ್ನು ತಲುಪುವಷ್ಟರಲ್ಲಿ ತಾಪಮಾನ ಇಳಿದುಹೋಗಿರುತ್ತದೆ. ಕಟ್ಟಿಕೊಂಡ ನಳಿಕೆಗಳನ್ನು ಮೊದಲು ನೋಡಿ. ಯಂತ್ರ ನಿಲ್ಲಿಸಿ, ಬೀಗ ಹಾಕಿ, ಆಮೇಲೆ ಮಾತ್ರ ಒಳಗೆ ಹೋಗಿ. 400 ಡಿಗ್ರಿಯ ಪ್ಲೇಟು ಕಪ್ಪಾಗಿ, ತಣ್ಣಗಿದ್ದಂತೆ ಕಾಣುತ್ತದೆ, ಎಚ್ಚರ. ದಪ್ಪಮಾಪಕದಲ್ಲಿ ವಿಕಿರಣ ಮೂಲವಿದ್ದರೆ ಅದರ ಹೊಣೆಗಾರ ಅಧಿಕಾರಿಯ ಅನುಮತಿಯಿಲ್ಲದೆ ಆ ಕಿಂಡಿಯ ಬಳಿ ಸುಳಿಯಬೇಡಿ.

ಬಲ ಬೇಕಾದ್ದಕ್ಕಿಂತ ಹೆಚ್ಚು, ಜಿಗುಟುತನ ಕಡಿಮೆ

ಎಕ್ಸ್70ಕ್ಕೆ ಕನಿಷ್ಠ ಇಳುವರಿ ಬಲ (ಉಕ್ಕು ಮರಳಿ ಬಾರದಂತೆ ಹಿಗ್ಗತೊಡಗುವ ಮಟ್ಟ) 485 ಮೆಗಾಪಾಸ್ಕಲ್, ಎಕ್ಸ್80ಕ್ಕೆ 555. ನಿಮ್ಮ ಪ್ಲೇಟು ಅದಕ್ಕಿಂತ 100ರಷ್ಟು ಮೇಲಿದ್ದು ಚಳಿಯಲ್ಲಿ ಸೋಲುತ್ತಿದ್ದರೆ, ದಪ್ಪದುದ್ದಕ್ಕೂ ಗಡಸುತನ ಅಳೆಯಿರಿ. ಮೇಲ್ಮೈ ತೀರ ಗಡುಸು, ನಡು ಮೃದು ಎಂದರೆ ನೀರಿನ ಆರಂಭದ ರಭಸ ತಗ್ಗಿಸಿ. ನಡುವಿನಲ್ಲಿ ಗಡುಸಾದ ಸಣ್ಣ ದ್ವೀಪಗಳು ಕಂಡರೆ ತಣಿಸುವಿಕೆ ಬಹಳ ಮೇಲಿನ ತಾಪಮಾನದಲ್ಲೇ ನಿಂತಿರಬಹುದು. ನಿಲ್ಲಿಸುವ ತಾಪಮಾನವನ್ನು ಹಂತಹಂತವಾಗಿ ಇಳಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಮಿಲ್ಲಿನಲ್ಲಿ ಹುಡುಕಾಟ ನಿಲ್ಲಿಸಬೇಕಾದ ಲಕ್ಷಣ

ಅಡ್ಡಕೊಯ್ತದ ತುಂಡನ್ನು ಆಮ್ಲದಲ್ಲಿ ಅದ್ದಿದಾಗ ನಡುವೆ ಕಪ್ಪು ಗೆರೆ ಎದ್ದು ಕಂಡರೆ, ಆ ಗೆರೆಯ ಮೇಲಿನ ಗಡಸುತನ ಪಕ್ಕಕ್ಕಿಂತ ಬಹಳ ಹೆಚ್ಚಿದ್ದರೆ, ರೋಲಿಂಗ್‌ನವರು ಕೈ ಎತ್ತಬೇಕು. ಮ್ಯಾಂಗನೀಸ್, ರಂಜಕ, ಇಂಗಾಲ ಎರಕದ ಹೊತ್ತಿನಲ್ಲೇ ನಡುವಿಗೆ ಸರಿದು ಕೂತಿವೆ. ಎಷ್ಟು ಒತ್ತಿದರೂ ಆ ಗೆರೆ ತೆಳುವಾಗುತ್ತದೆ, ಮಾಯವಾಗುವುದಿಲ್ಲ. ಎರಕದ ವಿಭಾಗದವರು ದ್ರವ ಉಕ್ಕಿನ ಅಧಿಕ ತಾಪ, ಎರಕದ ವೇಗ, ಸ್ಲ್ಯಾಬು ಗಟ್ಟಿಯಾಗುವ ಕೊನೆಯಲ್ಲಿ ಕೊಡುವ ಹಗುರ ಒತ್ತು, ರೋಲರುಗಳ ಸಾಲುನೇರ ಇವನ್ನು ನೋಡಬೇಕು. ಅಲ್ಟ್ರಾಸಾನಿಕ್ ತಪಾಸಣೆಯಲ್ಲೂ ನಡುವೆ ಸೂಚನೆಗಳು ಬಂದರೆ ಜಲಜನಕದ ಬಿರುಕು ಇರಬಹುದು. ಆ ಪ್ಲೇಟುಗಳನ್ನು ಕೂಡಲೇ ಬೇರೆಯಿಡಿ, ಮತ್ತೆ ಮಾದರಿ ತೆಗೆದು ಉತ್ತೀರ್ಣವಾಗುವವರೆಗೆ ಪರೀಕ್ಷಿಸುವ ಆಟ ಬೇಡ. ಕೊಳವೆಯ ಮೇಲೆ ನಡೆದಾಡುವವರು, ಅದರ ಪಕ್ಕ ಮನೆ ಕಟ್ಟಿಕೊಂಡವರು ನಮ್ಮ ವರದಿಯನ್ನು ನಂಬಿದ್ದಾರೆ.

ಎರಕದ ವಿಭಾಗದವರಿಗೆ ದೂರು ಕಳಿಸುವಾಗ ಬರೀ ಸಂಖ್ಯೆ ಕಳಿಸಬೇಡಿ. ಮುರಿದ ಎರಡೂ ಅರ್ಧಗಳನ್ನು ಕಳಿಸಿ. ತೊಟ್ಟಿಯಿಂದ ಬಂದ ತುಂಡಿನ ಮೇಲೆ ಗಾಳಿಯ ತೇವ ಕೂತು ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯುತ್ತದೆ. ಮುರಿದ ಕೂಡಲೇ ಆಲ್ಕೋಹಾಲ್‌ನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ತೇವ ಹೀರುವ ಪೊಟ್ಟಣದೊಂದಿಗೆ ಚೀಲದಲ್ಲಿ ಮುಚ್ಚಿ. ಎರಡು ಅರ್ಧಗಳನ್ನು ಮತ್ತೆ ಜೋಡಿಸಿ ನೋಡಬೇಡಿ, ಮುಖ ಉಜ್ಜಿ ಹಾಳಾಗುತ್ತದೆ. ಚೀಲದ ಮೇಲೆ ಹೀಟ್ ಸಂಖ್ಯೆ (ಒಂದು ಸಲ ಕರಗಿಸಿದ ಉಕ್ಕಿನ ಗುರುತು), ಸ್ಲ್ಯಾಬಿನ ಸಂಖ್ಯೆ, ಪ್ಲೇಟಿನ ಯಾವ ತುದಿ, ಸ್ಲ್ಯಾಬಿನ ಮೇಲ್ಮುಖ ಯಾವ ಕಡೆ ಎಂದು ಅಳಿಸದ ಶಾಯಿಯಲ್ಲಿ ಬರೆಯಿರಿ.